ಆನೆಯ ಹಿಂಗಾಲು

ಥಾಯ್ ಜನರಲ್ಲಿ ಒಂದು ಹಳೆಯ ನಾಣ್ನುಡಿಯುಂಟು: ಗಂಡನು ಆನೆಯ ಮುಂಗಾಲು, ಹೆಂಡತಿಯು ಹಿಂಗಾಲು. ಮುಂಗಾಲು ಎತ್ತ ನಡೆಯುವುದೋ ಹಿಂಗಾಲೂ ಅತ್ತಲೇ ನಡೆಯತಕ್ಕದ್ದು ಎಂಬುದು ಅದಕ್ಕೆ ಹಿರಿಯರು ಹೇಳುತ್ತ ಬಂದ ಅರ್ಥ. ಹಿಂಗಾಲುಗಳು ನಿಂತಲ್ಲಿಯೇ ನಿಂತರೆ ಆನೆ ಒಂದು ಹೆಜ್ಜೆಯನ್ನೂ ಮುಂದಿಡಲಾರದು ಎಂಬ ಇನ್ನೊಂದು ಅರ್ಥವೂ ಆ ಮಾತಿನಲ್ಲಿ ಅಡಗಿದೆ; ಅದನ್ನು ಎತ್ತಿ ಹೇಳಿದವರು ಕಡಮೆ. ೨೦೧೧ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಥಾಯ್ಲೆಂಡಿನ ಚರಿತ್ರೆಯಲ್ಲಿ ಮೊಟ್ಟಮೊದಲ ಬಾರಿಗೆ ಒಬ್ಬ ಮಹಿಳೆ ಪ್ರಧಾನಮಂತ್ರಿಯ ಪೀಠವನ್ನೇರಿದಾಗ, ಈ ನಾಣ್ನುಡಿಯನ್ನು ನೆನೆದವರು ಅನೇಕರಿದ್ದಿರಬೇಕು. ಆದರೆ ಆ ಮಹಿಳೆಯ ಮುಂದೆ ನಡೆಯುತ್ತಿದ್ದ ಮುಂಗಾಲು ಗಂಡನದಾಗಿರಲಿಲ್ಲ. ದೇಶಭ್ರಷ್ಟನಾಗಿ ಸಮುದ್ರದಾಚೆ ಕುಳಿತಿದ್ದ ಅಣ್ಣನದಾಗಿತ್ತು.

ಯಿಂಗ್ಲಕ್ ಶಿನವತ್ರ ಎಂಬ ಈಕೆಯನ್ನು ಕುರಿತು ಆಕೆಯ ವಿರೋಧಿಗಳು ಆಡಿದ ಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ ಎರಡು ಆಕ್ಷೇಪಗಳು ಎದ್ದು ಕಾಣುತ್ತವೆ. ಈಕೆ ಅಣ್ಣನ ಕೈಯ ಸೂತ್ರದ ಬೊಂಬೆ, ಸ್ವಂತ ಬುದ್ಧಿಯಿಂದ ಏನನ್ನೂ ಮಾಡಿದವಳಲ್ಲ ಎಂಬುದು ಮೊದಲನೆಯದು. ದೇಶದ ಬೊಕ್ಕಸಕ್ಕೆ ಸಾವಿರಾರು ಕೋಟಿಯ ನಷ್ಟವಾಯಿತು, ಅದಕ್ಕೆ ಈಕೆಯೇ ಹೊಣೆ ಎಂಬುದು ಎರಡನೆಯದು. ಬೊಂಬೆಯಾದರೆ ಹೊಣೆಯೆಲ್ಲಿಯದು? ಹೊಣೆಯುಂಟೆಂದಾದರೆ ಬೊಂಬೆಯೆನ್ನುವುದು ಹೇಗೆ? ಆಕೆಯ ರಾಜಕೀಯ ಜೀವನವನ್ನು ಮೊದಲಿನಿಂದ ನೋಡುತ್ತ ಬಂದರೆ ಈ ತೊಡಕನ್ನು ಸ್ವಲ್ಪಮಟ್ಟಿಗಾದರೂ ಬಿಡಿಸಬಹುದು.

ಥಾಯ್ಲೆಂಡಿನ ಸ್ತ್ರೀಯರಿಗೆ ಮತದಾನದ ಹಕ್ಕು ಬಂದುದು ಬಹು ಬೇಗ. ದೇಶವಿನ್ನೂ ಸಯಾಮ್ ಎಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, ೧೯೩೨ರ ಜೂನ್ ೨೪ರಂದು, ಸೈನ್ಯಾಧಿಕಾರಿಗಳೂ ವಿದ್ಯಾವಂತ ತರುಣರೂ ಕೂಡಿ ರಾಜನ ನಿರಂಕುಶಾಧಿಕಾರವನ್ನು ಕೊನೆಗಾಣಿಸಿದರು. ಆಗ ಸಿಂಹಾಸನದಲ್ಲಿದ್ದ ದೊರೆಯ ಹೆಸರು ಪ್ರಜಾಧಿಪೋಕ್, ಎಂದರೆ ನಮ್ಮ ಪ್ರಜಾಧಿಪಕ. ಅದೇ ವರ್ಷ ಬಂದ ಸಂವಿಧಾನ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಮತಾಧಿಕಾರವನ್ನಿತ್ತಿತು. ಆದರೆ ಮತ ಕೊಡುವುದು ಬೇರೆ, ಮತ ಪಡೆಯುವುದು ಬೇರೆ. ಒಬ್ಬ ಮಹಿಳೆ ಚುನಾಯಿತಳಾಗಿ ಶಾಸನಸಭೆಯನ್ನು ಪ್ರವೇಶಿಸಲು ೧೭ ವರ್ಷ ಕಾಯಬೇಕಾಯಿತು. ೧೯೪೯ರಲ್ಲಿ ಈಶಾನ್ಯದ ಉಬೊನ್ ರಾಚಥಾನಿಯಿಂದ, ಎಂದರೆ ಉತ್ಪಲ ರಾಜಧಾನಿಯಿಂದ, ಓರಪಿನ್ ಚೈಯಕಾನ್ ಎಂಬಾಕೆ ಆರಿಸಿ ಬಂದಳು. ಮಂತ್ರಿಮಂಡಲದ ಬಾಗಿಲು ತೆರೆಯಲು ಮತ್ತೆ ೨೭ ವರ್ಷ ಹಿಡಿಯಿತು. ೧೯೭೬ರಲ್ಲಿ ಲರ್ಸಕ್ ಸಂಪತ್ತಿಸಿರಿ ಸಾರಿಗೆ ಖಾತೆಯ ಮಂತ್ರಿಯಾದಳು. ಅಲ್ಲಿಂದ ಪ್ರಧಾನಿಯ ಪೀಠಕ್ಕೆ ಇನ್ನೂ ೩೫ ವರ್ಷಗಳ ದಾರಿ. ಮತದ ಹಕ್ಕಿನಿಂದ ಅಧಿಕಾರದ ಶಿಖರದವರೆಗೆ ಒಟ್ಟು ೭೯ ವರ್ಷ. ಒಂದು ತುಂಬು ಆಯುಷ್ಯ.

ಯಿಂಗ್ಲಕ್ ಹುಟ್ಟಿದುದು ೧೯೬೭ರ ಜೂನ್ ೨೧ರಂದು, ಉತ್ತರದ ಚಿಯಾಂಗ್ ಮಾಯಿ ಪ್ರಾಂತದ ಸಾನ್ ಕಾಂಫೆಂಗ್‌ನಲ್ಲಿ. ರೇಷ್ಮೆ, ಹತ್ತಿಯ ನೇಯ್ಗೆ, ಬಣ್ಣದ ಕಾಗದದ ಕೊಡೆ ಇವುಗಳಿಗೆ ಆ ಸೀಮೆ ಹೆಸರಾದುದು. ಶಿನವತ್ರ ಮನೆತನದ ಮೂಲಪುರುಷನು ಹತ್ತೊಂಬತ್ತನೆಯ ಶತಮಾನದಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಿಂದ ಬಂದು ನೆಲೆಸಿದವನು. ಕಂದಾಯದ ಗುತ್ತಿಗೆಯಿಂದ ತಲೆಯೆತ್ತಿದ ಮನೆತನ ಮುಂದೆ ರೇಷ್ಮೆಯ ವ್ಯಾಪಾರದಿಂದ ಬೆಳೆಯಿತು. ತಂದೆ ಲೆರ್ತ್ ಶಿನವತ್ರ ಚಿಯಾಂಗ್ ಮಾಯಿಯಿಂದ ಶಾಸನಸಭೆಗೆ ಆರಿಸಿ ಬಂದಿದ್ದವನು. ಆ ದೊಡ್ಡ ಕುಟುಂಬದ ಕಡೆಯ ಮಗು ಯಿಂಗ್ಲಕ್; ಅಣ್ಣ ಥಕ್ಸಿನನಿಗೂ ಆಕೆಗೂ ನಡುವೆ ೧೮ ವರ್ಷಗಳ ಅಂತರ. ಥಾಯ್ ಜನರಲ್ಲಿ ಪ್ರತಿಯೊಬ್ಬರಿಗೂ ಒಂದು ಮುದ್ದಿನ ಹೆಸರಿರುತ್ತದೆ. ಈಕೆಯ ಮುದ್ದಿನ ಹೆಸರು ‘ಪೂ’. ಹಳಗನ್ನಡ ಬಲ್ಲ ನಮಗೆ ಅದು ಹೂವಾಗಿ ಕೇಳಿಸೀತು; ಅವರ ಭಾಷೆಯಲ್ಲಿ ಅದರ ಅರ್ಥ ಏಡಿ.

ಚಿಯಾಂಗ್ ಮಾಯಿಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನೋದಿ, ಅಮೆರಿಕದ ಕೆಂಟುಕಿ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ಬಂದ ಯಿಂಗ್ಲಕ್ ರಾಜಕೀಯದ ಕಡೆಗೆ ಮುಖ ಮಾಡಲಿಲ್ಲ. ಅಣ್ಣ ಕಟ್ಟಿದ ಉದ್ಯಮಗಳಲ್ಲಿ ಕೆಲಸಕ್ಕೆ ಸೇರಿದಳು. ಪೋಲೀಸ್ ಅಧಿಕಾರಿಯಾಗಿದ್ದ ಥಕ್ಸಿನ್ ಆ ವೇಳೆಗೆ ದೂರಸಂಪರ್ಕದ ವ್ಯವಹಾರದಲ್ಲಿ ಕೋಟ್ಯಧೀಶನಾಗಿದ್ದ. ಕೆಳಗಿನ ಮೆಟ್ಟಿಲಿನಿಂದ ಹತ್ತುತ್ತ ಹೋದ ತಂಗಿ ಆ ದೇಶದ ಅತಿ ದೊಡ್ಡ ಮೊಬೈಲ್ ದೂರವಾಣಿ ಕಂಪನಿಯ ಮುಖ್ಯಸ್ಥೆಯಾದಳು. ಅಷ್ಟರಲ್ಲಿ, ೨೦೦೧ರಲ್ಲಿ, ಅಣ್ಣ ಪ್ರಧಾನಿಯಾಗಿದ್ದ. ಹಳ್ಳಿಗರಿಗೆ ೩೦ ಬಾತ್‌ಗೆ ವೈದ್ಯೋಪಚಾರ, ಊರೂರಿಗೆ ಸಾಲದ ನಿಧಿ ಮೊದಲಾದ ಯೋಜನೆಗಳಿಂದ ಉತ್ತರದ ಮತ್ತು ಈಶಾನ್ಯದ ಬಡಜನರ ಮನಸ್ಸನ್ನು ಆತ ಗೆದ್ದ. ಬ್ಯಾಂಕಾಕಿನ ಹಳೆಯ ಶ್ರೀಮಂತರ, ಸೈನ್ಯದ, ಮಧ್ಯಮ ವರ್ಗದವರ ದ್ವೇಷವನ್ನೂ ಕಟ್ಟಿಕೊಂಡ. ೨೦೦೬ರ ಜನವರಿಯಲ್ಲಿ ಮನೆತನದವರು ತಮ್ಮ ಕಂಪನಿಯ ಪಾಲನ್ನು ಸಿಂಗಪುರದ ಸಂಸ್ಥೆಯೊಂದಕ್ಕೆ ಸುಮಾರು ೭,೩೦೦ ಕೋಟಿ ಬಾತ್‌ಗೆ ತೆರಿಗೆಯಿಲ್ಲದೆ ಮಾರಿದುದು ಆ ದ್ವೇಷಕ್ಕೆ ಕಿಚ್ಚಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ ೧೯ರಂದು, ಥಕ್ಸಿನ್ ವಿಶ್ವಸಂಸ್ಥೆಯ ಸಭೆಗಾಗಿ ನ್ಯೂಯಾರ್ಕಿಗೆ ಹೋಗಿದ್ದಾಗ, ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು.

ಆ ತರುವಾಯದ ಐದು ವರ್ಷಗಳ ಕಥೆ ವಿಚಿತ್ರವಾದುದು. ಥಕ್ಸಿನನ ಪಕ್ಷವನ್ನು ೨೦೦೭ರಲ್ಲಿ ನ್ಯಾಯಾಲಯ ವಿಸರ್ಜಿಸಿತು. ಬೇರೆ ಹೆಸರಿನಲ್ಲಿ ಕಟ್ಟಿದ ಪಕ್ಷ ಅದೇ ವರ್ಷಾಂತ್ಯದ ಚುನಾವಣೆಯನ್ನು ಗೆದ್ದಿತು. ೨೦೦೮ರ ಡಿಸೆಂಬರಿನಲ್ಲಿ ಅದೂ ವಿಸರ್ಜಿತವಾಯಿತು. ಮೂರನೆಯ ಹೆಸರು ಫ್ಯೂ ಥಾಯ್, ಎಂದರೆ ಥಾಯ್ ಜನರಿಗಾಗಿ ಎಂದರ್ಥ. ಬ್ಯಾಂಕಾಕಿನ ಬೀದಿಗಳಲ್ಲಿ ಹಳದಿ ಅಂಗಿಯವರು ಒಂದು ಕಡೆ, ಕೆಂಪು ಅಂಗಿಯವರು ಒಂದು ಕಡೆ. ೨೦೧೦ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೆಂಪಂಗಿಯವರ ಧರಣಿಯನ್ನು ಸೈನ್ಯ ಚದುರಿಸಿದಾಗ ೯೦ಕ್ಕೂ ಹೆಚ್ಚು ಮಂದಿ ಮಡಿದರು.

ಈ ರಕ್ತದ ಕಲೆ ಆರುವ ಮುನ್ನವೇ ಚುನಾವಣೆ ಬಂದಿತು. ೨೦೧೧ರ ಮೇ ೧೬ರಂದು ಫ್ಯೂ ಥಾಯ್ ಪಕ್ಷ ತನ್ನ ಅಭ್ಯರ್ಥಿಗಳ ಪಟ್ಟಿಯಲ್ಲಿ ಮೊದಲ ಹೆಸರಾಗಿ ಯಿಂಗ್ಲಕ್‌ಳನ್ನು ಸಾರಿತು. ಅದಕ್ಕೆ ಮುನ್ನ ಆಕೆ ಒಂದು ಚುನಾವಣೆಗೂ ನಿಂತವಳಲ್ಲ. ಆಕೆ ತನ್ನ ತದ್ರೂಪಿ ಎಂದು ಥಕ್ಸಿನ್ ದೂರದೇಶದಿಂದ ಹೇಳಿದುದು ಮಿತ್ರರಿಗೂ ಶತ್ರುಗಳಿಗೂ ಸಮನಾಗಿ ಉಪಯೋಗಕ್ಕೆ ಬಂದಿತು. ಚುನಾವಣೆಗೆ ಉಳಿದಿದ್ದುದು ೪೯ ದಿನಗಳಿಗಿಂತ ಹೆಚ್ಚಿಲ್ಲ. ಆ ಅವಧಿಯಲ್ಲಿ ಆಕೆ ಊರೂರು ತಿರುಗಿದಳು. ಕಟು ಮಾತಿಗೆ ಕಟು ಮಾತನ್ನು ಮರಳಿಸದೆ ನಗುತ್ತ ಕೈಮುಗಿದಳು. ದಿನಕ್ಕೆ ೩೦೦ ಬಾತ್ ಕನಿಷ್ಠ ಕೂಲಿ, ಬತ್ತಕ್ಕೆ ಟನ್ನಿಗೆ ೧೫,೦೦೦ ಬಾತ್, ಇವುಗಳ ಭರವಸೆಯನ್ನಿತ್ತಳು. ಜುಲೈ ೩ರಂದು ಮತದಾನವಾದಾಗ ೫೦೦ ಸ್ಥಾನಗಳಲ್ಲಿ ೨೬೫ ಫ್ಯೂ ಥಾಯ್ ಪಕ್ಷಕ್ಕೆ ದಕ್ಕಿದವು. ಆಳುತ್ತಿದ್ದ ಅಭಿಸಿತನ ಡೆಮೊಕ್ರಾಟ್ ಪಕ್ಷಕ್ಕೆ ೧೫೯. ಆಗಸ್ಟ್ ೫ರಂದು ಶಾಸನಸಭೆ ಆಕೆಯನ್ನು ಪ್ರಧಾನಿಯಾಗಿ ಆರಿಸಿತು. ಆಗ ಆಕೆಗೆ ೪೪ ವರ್ಷ.

ಏಷ್ಯಾ ಖಂಡದ ಮಹಿಳಾ ನಾಯಕರ ಸಾಲನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ೧೯೬೦ರಲ್ಲಿ ಸಿಂಹಳದ ಸಿರಿಮಾವೊ ಬಂಡಾರನಾಯಕೆ ಪತಿಯ ಕೊಲೆಯಾದ ಮರುವರ್ಷ ಅಧಿಕಾರಕ್ಕೆ ಬಂದರು. ನಮ್ಮ ಇಂದಿರಾ ಗಾಂಧಿ ೧೯೬೬ರಲ್ಲಿ ಪ್ರಧಾನಿಯಾದಾಗ ತಂದೆ ತೀರಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಪಾಕಿಸ್ತಾನದ ಬೆನಜೀರ್, ಬಾಂಗ್ಲಾದೇಶದ ಖಾಲಿದಾ ಮತ್ತು ಹಸೀನಾ, ಫಿಲಿಪ್ಪೀನಿನ ಕೊರಾಜಾನ್ ಅಕ್ವಿನೊ, ಇಂಡೊನೇಷ್ಯಾದ ಮೇಘಾವತಿ ಇವರೆಲ್ಲರೂ ಮಡಿದ ತಂದೆಯ ಅಥವಾ ಪತಿಯ ಹೆಸರನ್ನು ಹೊತ್ತು ಬಂದವರು. ಯಿಂಗ್ಲಕ್‌ಳ ಸ್ಥಿತಿ ಇವರೆಲ್ಲರದಕ್ಕಿಂತ ಕಠಿನವಾದುದು. ಮಡಿದವರ ಹೆಸರು ಕಾಲಕ್ರಮದಲ್ಲಿ ಪಟವಾಗಿ ಗೋಡೆಯನ್ನು ಸೇರುತ್ತದೆ. ಬದುಕಿರುವವರು ದೂರವಾಣಿಯಲ್ಲಿ ಮಾತನಾಡುತ್ತಾರೆ. ಅಣ್ಣನಿಂದ ಬಂದ ಮತಗಳ ಜೊತೆಗೆ ಅಣ್ಣನ ಶತ್ರುಗಳೂ ಬಂದರು, ಅಣ್ಣನ ಆತುರವೂ ಬಂದಿತು.

ಅಧಿಕಾರದ ಮೊದಲ ಪರೀಕ್ಷೆಯನ್ನು ನಿಸರ್ಗವೇ ಒಡ್ಡಿತು. ಆ ವರ್ಷದ ಮಳೆಗಾಲದಲ್ಲಿ ಉತ್ತರದಿಂದ ಇಳಿದ ನೀರು ಚಾವೊ ಫ್ರಾಯಾ ನದಿಯ ಬಯಲನ್ನೆಲ್ಲ ಆವರಿಸಿತು. ಅಯೋಧ್ಯೆಯ ಹೆಸರನ್ನು ಹೊತ್ತ ಹಳೆಯ ರಾಜಧಾನಿ ಅಯುಥಯಾ ಮುಳುಗಿತು. ಅದರ ಸುತ್ತಣ ಕೈಗಾರಿಕಾ ವಸಾಹತುಗಳು ಮುಳುಗಿದವು. ಪರಿಹಾರ ಕಾರ್ಯದ ಕೇಂದ್ರವನ್ನು ಬ್ಯಾಂಕಾಕಿನ ಡಾನ್ ಮುವಾಂಗ್ ವಿಮಾನ ನಿಲ್ದಾಣದಲ್ಲಿ ತೆರೆದಿದ್ದರು. ಅಕ್ಟೋಬರಿನಲ್ಲಿ ನೀರು ಅಲ್ಲಿಗೂ ನುಗ್ಗಿ ಕೇಂದ್ರವನ್ನೇ ಸ್ಥಳಾಂತರಿಸಬೇಕಾಯಿತು. ೮೦೦ಕ್ಕೂ ಹೆಚ್ಚು ಜನ ಸತ್ತರು. ನಷ್ಟವನ್ನು ವಿಶ್ವಬ್ಯಾಂಕ್ ೧ ಲಕ್ಷ ೪೩ ಸಾವಿರ ಕೋಟಿ ಬಾತ್ ಎಂದು ಅಂದಾಜು ಮಾಡಿತು. ರಾಜಧಾನಿಯ ಆಡಳಿತ ವಿರೋಧ ಪಕ್ಷದ ಕೈಯಲ್ಲಿತ್ತು. ಯಾವ ತೂಬನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕೆಂಬುದೂ ರಾಜಕೀಯವಾಯಿತು. ಹೊಸ ಪ್ರಧಾನಿಯ ಅನನುಭವ ಬಯಲಾಯಿತೆಂಬುದು ಸುಳ್ಳಲ್ಲ. ಮೊಳಕಾಲುದ್ದ ನೀರಿನಲ್ಲಿ ನಿಂತು ಸಂತ್ರಸ್ತರ ನಡುವೆ ಓಡಾಡಿದ ಆಕೆಯ ತಾಳ್ಮೆಯೂ ಬಯಲಾಯಿತು.

ಆಕೆಯ ಏಳಿಗೆಗೂ ಪತನಕ್ಕೂ ಸಮನಾಗಿ ಕಾರಣವಾದುದು ಬತ್ತದ ಯೋಜನೆ. ಅದರ ಬಗೆ ಹೀಗೆ: ರೈತನು ಕೊಯ್ಲಾದ ಬತ್ತವನ್ನು ಗಿರಣಿಗೆ ತಂದು ಸರ್ಕಾರಕ್ಕೆ ಅಡವಿಡುವನು. ಗಿರಣಿಯವರು ಕೊಟ್ಟ ಚೀಟಿಯನ್ನು ಕೃಷಿ ಬ್ಯಾಂಕಿಗೆ ಒಪ್ಪಿಸಿ ಟನ್ನಿಗೆ ೧೫,೦೦೦ ಬಾತ್‌ನಂತೆ ಹಣ ಪಡೆಯುವನು. ಮುಂದೆ ಪೇಟೆಯ ಧಾರಣೆ ಏರಿದರೆ ಅಡವನ್ನು ಬಿಡಿಸಿಕೊಳ್ಳಬಹುದು, ಇಲ್ಲವಾದರೆ ಬತ್ತ ಸರ್ಕಾರದ್ದು. ಆದರೆ ಸರ್ಕಾರವಿತ್ತ ಬೆಲೆಯೇ ಪೇಟೆಗಿಂತ ಸುಮಾರು ಅರ್ಧದಷ್ಟು ಹೆಚ್ಚಾಗಿದ್ದಾಗ ಅಡವನ್ನು ಬಿಡಿಸಿಕೊಳ್ಳುವ ಮೂಢನಾರು? ಹೆಸರಿಗೆ ಅಡವು, ನಡೆದುದು ಖರೀದಿ. ಇದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಜಗತ್ತಿಗೆ ಅತಿ ಹೆಚ್ಚು ಅಕ್ಕಿಯನ್ನು ಮಾರುತ್ತಿದ್ದ ದೇಶವೇ ತನ್ನ ಅಕ್ಕಿಯನ್ನು ಕಣಜದಲ್ಲಿಟ್ಟು ಬೀಗ ಹಾಕಿದರೆ ಜಗತ್ತಿನ ಧಾರಣೆ ತಾನಾಗಿ ಏರುವುದು. ಆಗ ಮಾರಿದರೆ ರೈತನಿಗೂ ಲಾಭ, ಬೊಕ್ಕಸಕ್ಕೂ ನಷ್ಟವಿಲ್ಲ.

ಈ ಲೆಕ್ಕವನ್ನು ತಪ್ಪಿಸಿದುದರಲ್ಲಿ ನಮ್ಮ ದೇಶದ ಪಾತ್ರವೂ ಉಂಟು. ಕೆಲವು ವರ್ಷಗಳಿಂದ ಸಾಮಾನ್ಯ ಅಕ್ಕಿಯ ರಫ್ತನ್ನು ನಿಷೇಧಿಸಿದ್ದ ಭಾರತ ೨೦೧೧ರ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ಥಾಯ್ಲೆಂಡ್ ತೆರವು ಮಾಡಿದ ಜಾಗಕ್ಕೆ ಭಾರತದ ಅಕ್ಕಿಯೂ ವಿಯೆಟ್ನಾಮಿನ ಅಕ್ಕಿಯೂ ಬಂದು ಕುಳಿತವು. ಧಾರಣೆ ಏರಲಿಲ್ಲ. ೨೦೧೨ರಲ್ಲಿ ಜಗತ್ತಿನ ಅಕ್ಕಿಯ ರಫ್ತಿನಲ್ಲಿ ಭಾರತ ಮೊದಲನೆಯ ಸ್ಥಾನಕ್ಕೇರಿತು. ಬಹುಕಾಲದಿಂದ ಅಲ್ಲಿದ್ದ ಥಾಯ್ಲೆಂಡ್ ಕೆಳಗಿಳಿಯಿತು. ಅದೇ ವರ್ಷದ ಜನವರಿ ೨೬ರಂದು ಹೊಸದೆಹಲಿಯ ಗಣರಾಜ್ಯೋತ್ಸವದಲ್ಲಿ ಮುಖ್ಯ ಅತಿಥಿಯಾಗಿ ಕುಳಿತವಳು ಯಿಂಗ್ಲಕ್ ಎಂಬುದು ಚರಿತ್ರೆಯ ಒಂದು ಸಣ್ಣ ಕುಚೋದ್ಯ. ರಾಜಪಥದಲ್ಲಿ ಮೆರವಣಿಗೆ ನಡೆಯುತ್ತಿದ್ದಂತೆಯೇ ಆಕೆಯ ದೇಶದ ಉಗ್ರಾಣಗಳಲ್ಲಿ ಬತ್ತ ರಾಶಿಬೀಳುತ್ತಿತ್ತು.

ಉಗ್ರಾಣಗಳಲ್ಲಿ ಅಕ್ಕಿ ಮುಗ್ಗಿತು. ಲೆಕ್ಕಪತ್ರಗಳಲ್ಲಿ ಮೋಸ ನಡೆಯಿತು. ಬೇರೆ ಸರ್ಕಾರಗಳಿಗೆ ಮಾರಿದುದಾಗಿ ತೋರಿಸಿದ ಅಕ್ಕಿ ನಿಜಕ್ಕೂ ಅಲ್ಲಿಗೆ ಹೋಗಲಿಲ್ಲ. ಇದು ಒಂದು ಮುಖ. ಇನ್ನೊಂದು ಮುಖವನ್ನೂ ನೋಡಬೇಕು. ದೇಶಕ್ಕೆಲ್ಲ ಉಣಬಡಿಸುವ ರೈತನು ತಲೆಮಾರುಗಳಿಂದ ಸಾಲದಲ್ಲಿ ಮುಳುಗಿದ್ದಾಗ, ಆತನ ಬೆವರಿಗೆ ಮೊದಲ ಬಾರಿಗೆ ಒಂದು ಮರ್ಯಾದೆಯ ಬೆಲೆ ದೊರಕಿದಂತಾಗಿತ್ತು. ಮನೆಯ ಮಾಡನ್ನು ಹೊಸದಾಗಿ ಹೊದಿಸಿದವರು, ಮಗಳನ್ನು ಕಾಲೇಜಿಗೆ ಕಳುಹಿಸಿದವರು ಆ ಯೋಜನೆಯನ್ನು ಶಾಪವೆಂದು ಹೇಗೆ ಹೇಳಿಯಾರು? ಯೋಜನೆ ತಪ್ಪಾಗಿತ್ತು, ಅದು ಉತ್ತರಿಸಹೊರಟ ಹಸಿವು ತಪ್ಪಾಗಿರಲಿಲ್ಲ.

೨೦೧೩ರ ಜೂನ್ ತಿಂಗಳಿನಲ್ಲಿ ರಕ್ಷಣಾ ಖಾತೆಯನ್ನೂ ವಹಿಸಿಕೊಂಡು ಯಿಂಗ್ಲಕ್ ಆ ದೇಶದ ಮೊದಲ ಮಹಿಳಾ ರಕ್ಷಣಾ ಮಂತ್ರಿಯಾದಳು. ಎರಡು ವರ್ಷಗಳ ಕಾಲ ಸೈನ್ಯದೊಡನೆ ಒಂದು ಬಗೆಯ ಶಾಂತಿಯನ್ನು ಕಾಯ್ದುಕೊಂಡು ಬಂದಿದ್ದಳು. ಆ ಶಾಂತಿಯನ್ನು ಮುರಿದುದು ಅಣ್ಣನ ಆತುರ. ಕಳೆದ ಒಂಬತ್ತು ವರ್ಷಗಳ ರಾಜಕೀಯ ಅಪರಾಧಗಳಿಗೆಲ್ಲ ಕ್ಷಮಾದಾನ ನೀಡುವ ಮಸೂದೆಯನ್ನು ಆಳುವ ಪಕ್ಷ ೨೦೧೩ರ ನವೆಂಬರ್ ೧ರ ನಸುಕಿನಲ್ಲಿ, ಊರೆಲ್ಲ ಮಲಗಿದ್ದಾಗ, ಕೆಳಮನೆಯಲ್ಲಿ ಅಂಗೀಕರಿಸಿತು. ಥಕ್ಸಿನನನ್ನು ಮನೆಗೆ ಕರೆತರುವುದೇ ಅದರ ಉದ್ದೇಶವೆಂದು ಜನ ತಿಳಿದರು. ೨೦೧೦ರ ಗುಂಡಿನ ದಾಳಿಗೆ ಆಜ್ಞೆಯಿತ್ತವರಿಗೂ ಅದರಿಂದ ಬಿಡುಗಡೆಯಾಗುವಂತಿದ್ದುದರಿಂದ, ಅಂದು ಮಕ್ಕಳನ್ನು ಕಳೆದುಕೊಂಡ ಕೆಂಪಂಗಿಯವರೂ ಮುನಿದರು. ಮೇಲ್ಮನೆ ಮಸೂದೆಯನ್ನು ತಳ್ಳಿಹಾಕಿತು. ಆದರೆ ಕಿಡಿ ಆಗಲೇ ಹೊತ್ತಿಕೊಂಡಿತ್ತು. ಹಿಂದೆ ಉಪಪ್ರಧಾನಿಯಾಗಿದ್ದ ಸುಥೆಪನ ಮುಂದಾಳುತನದಲ್ಲಿ ಲಕ್ಷಾಂತರ ಜನ ಬ್ಯಾಂಕಾಕಿನ ಬೀದಿಗಳನ್ನು ತುಂಬಿದರು. ಚುನಾವಣೆಯೇ ಬೇಡ, ಮೊದಲು ಚುನಾಯಿತವಲ್ಲದ ಜನಪರಿಷತ್ತೊಂದು ದೇಶವನ್ನು ಶುದ್ಧಿಮಾಡಲಿ ಎಂಬುದು ಅವರ ಬೇಡಿಕೆ.

ಡಿಸೆಂಬರ್ ೯ರಂದು ಯಿಂಗ್ಲಕ್ ಶಾಸನಸಭೆಯನ್ನು ವಿಸರ್ಜಿಸಿ ಚುನಾವಣೆಯನ್ನು ಸಾರಿದಳು. ಮರುದಿನ ಪತ್ರಕರ್ತರೆದುರು ಮಾತನಾಡುತ್ತ, ತಾನು ಹಿಂದೆಗೆಯಬಹುದಾದಷ್ಟೂ ಹಿಂದೆಗೆದಿರುವೆನೆಂದು ಹೇಳುವಾಗ ಆಕೆಯ ಕಣ್ಣಲ್ಲಿ ನೀರಾಡಿತು. ಆ ಕಣ್ಣೀರನ್ನು ಹೆಣ್ಣಿನ ದೌರ್ಬಲ್ಯವೆಂದು ಕೆಲವರು ನಕ್ಕರು. ಆದರೆ ರಾಜೀನಾಮೆ ಕೊಡೆಂದರೆ ಆಕೆ ಕೊಡಲಿಲ್ಲ. ಚುನಾಯಿತ ಸರ್ಕಾರ ಇನ್ನೊಂದು ಚುನಾಯಿತ ಸರ್ಕಾರಕ್ಕೆ ಮಾತ್ರ ದಾರಿ ಬಿಡತಕ್ಕದ್ದೆಂಬ ಮಾತಿಗೆ ಅಂಟಿಕೊಂಡಳು. ೨೦೧೪ರ ಫೆಬ್ರವರಿ ೨ರ ಚುನಾವಣೆಯನ್ನು ಡೆಮೊಕ್ರಾಟ್ ಪಕ್ಷ ಬಹಿಷ್ಕರಿಸಿತು, ಚಳವಳಿಗಾರರು ಹಲವೆಡೆ ತಡೆದರು. ಮತದಾನ ಒಂದೇ ದಿನ ಎಲ್ಲೆಡೆಯೂ ನಡೆಯಲಿಲ್ಲವೆಂದು ಮಾರ್ಚ್ ೨೧ರಂದು ಸಂವಿಧಾನ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಇತ್ತ ಉಸ್ತುವಾರಿ ಸರ್ಕಾರಕ್ಕೆ ಸಾಲವೆತ್ತುವ ಅಧಿಕಾರವಿಲ್ಲದೆ ಬತ್ತದ ಹಣ ನಿಂತುಹೋಯಿತು. ಯಾರ ಹೆಸರಿನಲ್ಲಿ ಅಧಿಕಾರಕ್ಕೆ ಬಂದಳೋ ಆ ರೈತರಲ್ಲಿಯೇ ಅನೇಕರು ಬಾಕಿಗಾಗಿ ರಾಜಧಾನಿಗೆ ಬಂದು ಬೀದಿಯಲ್ಲಿ ಕುಳಿತರು. ಆಕೆಯ ಅಧಿಕಾರಾವಧಿಯಲ್ಲಿ ಇದಕ್ಕಿಂತ ಕಹಿಯಾದ ದೃಶ್ಯ ಇನ್ನೊಂದಿಲ್ಲ.

ಮೇ ೭ರಂದು, ಮೂರು ವರ್ಷಗಳ ಹಿಂದೆ ರಾಷ್ಟ್ರೀಯ ಭದ್ರತಾ ಮಂಡಲಿಯ ಮುಖ್ಯಾಧಿಕಾರಿಯನ್ನು ವರ್ಗಾಯಿಸಿದುದು ಸ್ವಜನಹಿತಕ್ಕಾಗಿ ಎಂದು ತೀರ್ಮಾನಿಸಿ, ಅದೇ ನ್ಯಾಯಾಲಯ ಆಕೆಯನ್ನು ಪದಚ್ಯುತಗೊಳಿಸಿತು. ಎರಡು ವಾರ ಕಳೆದು, ಮೇ ೨೨ರಂದು, ಸೇನಾಪತಿ ಪ್ರಯುತ್ ಅಧಿಕಾರವನ್ನು ವಶಪಡಿಸಿಕೊಂಡ. ಸೈನ್ಯ ನೇಮಿಸಿದ ಸಭೆ ೨೦೧೫ರ ಜನವರಿಯಲ್ಲಿ, ಹುದ್ದೆಯಲ್ಲೇ ಇಲ್ಲದ ಆಕೆಯ ಮೇಲೆ ಮಹಾಭಿಯೋಗವನ್ನು ನಡೆಯಿಸಿ, ಐದು ವರ್ಷ ರಾಜಕೀಯದಿಂದ ದೂರವಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಬತ್ತದ ಯೋಜನೆಯಲ್ಲಿ ಕರ್ತವ್ಯಲೋಪವೆಸಗಿದಳೆಂಬ ಕ್ರಿಮಿನಲ್ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿ ಆರಂಭವಾಯಿತು.

ಎರಡು ವರ್ಷಕ್ಕೂ ಮೇಲ್ಪಟ್ಟು ಆಕೆ ನ್ಯಾಯಾಲಯಕ್ಕೆ ನಡೆದಳು. ಅಣ್ಣ ಪರದೇಶದಲ್ಲಿದ್ದ; ಕಟಕಟೆಯಲ್ಲಿ ನಿಂತವಳು ತಂಗಿ. ಬಾಗಿಲ ಬಳಿ ಹೂ ಹಿಡಿದು ಕಾಯುತ್ತಿದ್ದ ಹಳ್ಳಿಯ ಹೆಂಗಸರನ್ನು ಮಾತನಾಡಿಸಿ ಒಳಗೆ ಹೋಗುತ್ತಿದ್ದಳು. ೨೦೧೭ರ ಆಗಸ್ಟ್ ೧ರಂದು ತನ್ನ ಕೊನೆಯ ಹೇಳಿಕೆಯನ್ನು ಓದಿದಳು. ಆದರೆ ತೀರ್ಪಿನ ದಿನವಾದ ಆಗಸ್ಟ್ ೨೫ರಂದು ಆಕೆ ಬರಲಿಲ್ಲ. ಆ ವೇಳೆಗೆ ದೇಶವನ್ನು ಬಿಟ್ಟಿದ್ದಳು. ೩ ಕೋಟಿ ಬಾತ್ ಜಾಮೀನು ಮುಟ್ಟುಗೋಲಾಯಿತು. ಅಂದು ಹುಸಿ ಮಾರಾಟದ ಮೊಕದ್ದಮೆಯಲ್ಲಿ ಆಕೆಯ ವಾಣಿಜ್ಯ ಮಂತ್ರಿಯಾಗಿದ್ದ ಬೂನ್‌ಸೋಂಗನಿಗೆ ೪೨ ವರ್ಷಗಳ ಸೆರೆ ವಿಧಿಸಿದರು. ಸೆಪ್ಟೆಂಬರ್ ೨೭ರಂದು, ಆ ಮೋಸವನ್ನು ತಿಳಿದೂ ತಡೆಯಲಿಲ್ಲವೆಂದು ಯಿಂಗ್ಲಕ್‌ಳಿಗೆ ಆಕೆಯ ಗೈರುಹಾಜರಿಯಲ್ಲಿ ಐದು ವರ್ಷಗಳ ಸೆರೆ ವಿಧಿಸಲಾಯಿತು. ಆಕೆಯ ಮಾತನ್ನು ನಂಬಿ ಬಾಗಿಲಲ್ಲಿ ನಿಂತವರಿಗೆ, ಕೈಕೆಳಗೆ ಕೆಲಸ ಮಾಡಿ ಸೆರೆಮನೆಗೆ ಹೋದವರಿಗೆ ಈ ಪಲಾಯನ ಹೇಗೆ ಕಂಡಿರಬೇಕು? ಆಕೆಯನ್ನು ಮೆಚ್ಚುವವರೂ ಈ ಪ್ರಶ್ನೆಯನ್ನು ದಾಟಿ ಹೋಗಲಾಗದು.

ನಷ್ಟದ ಲೆಕ್ಕ ಮಾತ್ರ ಆಕೆಯನ್ನು ಬಿಡಲಿಲ್ಲ. ನಷ್ಟದ ಐದನೆಯ ಒಂದು ಪಾಲೆಂದು ೩,೫೭೦ ಕೋಟಿ ಬಾತ್ ತೆರಬೇಕೆಂದು ೨೦೧೬ರಲ್ಲಿ ಸರ್ಕಾರ ಆಜ್ಞಾಪಿಸಿತ್ತು. ಆಡಳಿತ ನ್ಯಾಯಾಲಯ ೨೦೨೧ರಲ್ಲಿ ಆ ಆಜ್ಞೆಯನ್ನು ರದ್ದುಮಾಡಿತು; ೨೦೨೫ರ ಮೇ ೨೨ರಂದು ಅದರ ಮೇಲಣ ನ್ಯಾಯಾಲಯ ೧,೦೦೦ ಕೋಟಿಗೆ ತುಸು ಹೆಚ್ಚು ತೆರಬೇಕೆಂದು ತೀರ್ಪಿತ್ತಿತು. ಈ ನಡುವೆ, ೨೦೧೪ರಲ್ಲಿ ಆಕೆಯ ಪದಚ್ಯುತಿಗೆ ಕಾರಣವಾಗಿದ್ದ ವರ್ಗಾವಣೆಯ ವಿಷಯದಲ್ಲಿ ಅಪರಾಧವೇನೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೩ರ ಡಿಸೆಂಬರಿನಲ್ಲಿ ಆಕೆಯನ್ನು ಖುಲಾಸೆ ಮಾಡಿತು. ಕಳೆದುಹೋದ ಅಧಿಕಾರವನ್ನು ಆ ತೀರ್ಪು ತಂದುಕೊಡಲಾರದಷ್ಟೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಅಣ್ಣನಿಲ್ಲದಿದ್ದರೆ ಯಿಂಗ್ಲಕ್ ಪ್ರಧಾನಿಯಾಗುತ್ತಿರಲಿಲ್ಲ ಎಂಬುದು ದಿಟ. ಕ್ಷಮಾದಾನದ ಮಸೂದೆಯಲ್ಲಿ ಅಣ್ಣನ ಹಿತಕ್ಕೆ ಆಕೆ ಮಣಿದಳೆಂಬುದೂ ಬಹುಮಟ್ಟಿಗೆ ದಿಟ. ಆದರೆ ಪ್ರವಾಹದ ನೀರಿಗೆ, ಬತ್ತದ ಲೆಕ್ಕಕ್ಕೆ, ಬೀದಿಯ ಕೂಗಿಗೆ, ನ್ಯಾಯಾಧೀಶರ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದಾಗಲೆಲ್ಲ ಅಲ್ಲಿ ನಿಂತಿದ್ದವಳು ಆಕೆಯೊಬ್ಬಳೇ. ಅಧಿಕಾರ ಎರವಲಾಗಿ ಬಂದೀತು. ಹೊಣೆ ಎರವಲಾಗಿ ಬರುವುದಿಲ್ಲ. ಆಕೆಯನ್ನು ಶಿಕ್ಷಿಸಿದ ನ್ಯಾಯಾಲಯ ತನಗರಿವಿಲ್ಲದೆಯೇ ಒಂದು ಮಾತನ್ನು ಒಪ್ಪಿಕೊಂಡಿತು: ಆ ಪೀಠದಲ್ಲಿ ಕುಳಿತಿದ್ದವಳು ನಿಜವಾಗಿಯೂ ಪ್ರಧಾನಮಂತ್ರಿ.

೨೦೨೩ರ ಆಗಸ್ಟ್ ೨೨ರಂದು ಥಕ್ಸಿನ್ ತಾಯ್ನಾಡಿಗೆ ಮರಳಿದ. ಮರುವರ್ಷ ಆತನ ಮಗಳು ಪೇಟೊಂಗ್ಟಾರ್ನ್, ೩೭ನೆಯ ವಯಸ್ಸಿನಲ್ಲಿ, ಆ ದೇಶದ ಎರಡನೆಯ ಮಹಿಳಾ ಪ್ರಧಾನಿಯಾದಳು; ೨೦೨೫ರ ಆಗಸ್ಟ್ ೨೯ರಂದು ಸಂವಿಧಾನ ನ್ಯಾಯಾಲಯ ಆಕೆಯನ್ನೂ ಕ್ರಮವಾಗಿ ಅದೇ ದಾರಿಯಲ್ಲಿ ಕೆಳಗಿಳಿಸಿತು. ಇಬ್ಬರು ಮಹಿಳೆಯರು, ಒಂದೇ ಮನೆತನ, ಒಂದೇ ನ್ಯಾಯಾಲಯ. ಯಾವ ಮನೆತನದ ಆಸರೆಯೂ ಇಲ್ಲದ ಮಹಿಳೆಯೊಬ್ಬಳು ಆ ಪೀಠವನ್ನೇರುವ ದಿನಕ್ಕೆ ಈ ಇಬ್ಬರ ಸೋಲುಗೆಲುವುಗಳು ನೆಲವನ್ನು ಹದಗೊಳಿಸಿವೆಯೆ ಎಂಬುದನ್ನು ಆ ದೇಶದ ಮತದಾರರೇ ಹೇಳಬೇಕು. ಆ ಮತದಾರರಲ್ಲಿ ಹೆಂಗಸರೂ ಇದ್ದಾರೆ, ೧೯೩೨ರಿಂದಲೂ ಇದ್ದಾರೆ.